ಕಲ್ಲಿನೊಳಗಣ ಕಪ್ಪೆ

ಬಂಡೆಯ ನಡುವೆ ಸಿಕ್ಕಿಕೊಂಡ ಕಪ್ಪೆಗೂ ಅನ್ನವಿಕ್ಕುವವನೊಬ್ಬನಿದ್ದಾನೆಂದು ಕನಕದಾಸರು ಮನಸ್ಸಿಗೆ ಸಮಾಧಾನ ಹೇಳಿದ ಕೀರ್ತನೆಯನ್ನು ಕೇಳದ ಕನ್ನಡದ ಮನೆ ಇರಲಾರದು. ಬಾಲ್ಯದಲ್ಲಿ ಆ ಹಾಡು ಕಿವಿಗೆ ಬಿದ್ದಾಗಲೆಲ್ಲ ನನಗೆ ಅನ್ನದ ಯೋಚನೆಗಿಂತ ಕಪ್ಪೆಯ ಯೋಚನೆಯೇ ಹೆಚ್ಚಾಗಿ ಕಾಡುತ್ತಿತ್ತು. ಅದು ಕಲ್ಲಿನ ಒಳಹೊಕ್ಕಿದ್ದಾದರೂ ಹೇಗೆ? ಎಂದಿನಿಂದ ಅಲ್ಲಿದೆ? ದಾಸರು ಇದಕ್ಕೆ ಉತ್ತರ ಹೇಳಬೇಕಾದ ಅಗತ್ಯವಿರಲಿಲ್ಲ. ಆದರೆ ಸುಮಾರು ಇನ್ನೂರು ವರ್ಷಗಳಿಂದ ಭೂಗರ್ಭಶಾಸ್ತ್ರಜ್ಞರು ಈ ಎರಡು ಪ್ರಶ್ನೆಗಳನ್ನೇ ಹಿಡಿದು ಸುತ್ತಿಗೆ ಚಾಣಗಳೊಡನೆ ಅಲೆಯುತ್ತಿದ್ದಾರೆ. ಅವರಿಗೆ ದೊರೆತ ಕಲ್ಲಿನ ಕಪ್ಪೆಗಳು ಕೂಗುವುದಿಲ್ಲ, ಆಹಾರವನ್ನೂ ಬೇಡುವುದಿಲ್ಲ. ಅವುಗಳ ವಯಸ್ಸಿನ ವಿಷಯದಲ್ಲಿ ಮಾತ್ರ ಪಂಡಿತರ ನಡುವೆ ದೊಡ್ಡ ವಾದಗಳೇ ನಡೆದುಹೋಗಿವೆ.

ಕಪ್ಪೆಗಳೆಂದು ನಾನು ಸಲಿಗೆಯಿಂದ ಕರೆದೆನಾದರೂ ಈ ವಾರ ಹೇಳಹೊರಟಿರುವ ಪ್ರಾಣಿಗಳು ನಮ್ಮ ಬಾವಿಕಟ್ಟೆಯ ಕಪ್ಪೆಯಷ್ಟು ಸಾಧುಗಳಲ್ಲ. ನೀರಿನಲ್ಲಿ ಹುಟ್ಟಿ, ಗೊದಮೊಟ್ಟೆಯಾಗಿ ಬೆಳೆದು, ಅನಂತರ ನೆಲಕ್ಕೂ ಕಾಲಿಡಬಲ್ಲ ಜೀವಿಗಳಿಗೆ ಉಭಯಚರಗಳೆಂದು ಹೆಸರು. ಆ ವರ್ಗದಲ್ಲಿ ಇಂದು ಉಳಿದಿರುವವರು ಕಪ್ಪೆಗಳು, ಬಾಲವುಳ್ಳ ಸಲಮಾಂಡರುಗಳು, ಎರೆಹುಳುವಿನಂತೆ ಮಣ್ಣಿನಲ್ಲಿ ಹುದುಗಿ ಬಾಳುವ ಕಾಲಿಲ್ಲದ ಸಿಸಿಲಿಯನ್ನುಗಳು, ಇಷ್ಟೆ. ಎಲ್ಲವೂ ಸಣ್ಣ ಸಂಸಾರಗಳು. ಡೈನೊಸಾರುಗಳೆಂಬ ದೈತ್ಯೋರಗಗಳು ತಲೆಯೆತ್ತಿದ ಕಾಲದಲ್ಲಿ ಈ ವರ್ಗದ ಐಶ್ವರ್ಯವೇ ಬೇರೆಯಾಗಿತ್ತು. ಹೊಳೆ ಕೆರೆಗಳಲ್ಲಿ ಇಂದು ಮೊಸಳೆ ನಡೆಸುತ್ತಿರುವ ದರ್ಬಾರನ್ನು ಅಂದು ನಡೆಸುತ್ತಿದ್ದವು ಟೆಮ್ನೊಸ್ಪಾಂಡಿಲ್ ಎಂಬ ಕುಲದ ಉಭಯಚರಗಳು. ಚಪ್ಪಟೆಯಾದ ಅಗಲ ತಲೆ, ಕುಳ್ಳು ಕಾಲು, ಬಾಯಿ ತುಂಬ ಹಲ್ಲು. ಈಗಿನ ಕಪ್ಪೆಗಳು ಈ ಕುಲದ ಒಂದು ಸಣ್ಣ ಕವಲಿನಿಂದ ಬಂದವೆಂಬುದು ಬಹುಮಂದಿ ವಿದ್ವಾಂಸರ ಮತ. ಹಾಗಾದರೆ ಈ ದೈತ್ಯರು ನಮ್ಮ ಕಪ್ಪೆಗೆ ಅಜ್ಜಂದಿರಲ್ಲ, ದೊಡ್ಡಜ್ಜಂದಿರು.

ಅವುಗಳಲ್ಲಿ ಮೊದಲು ಹೆಸರು ಪಡೆದದ್ದು ಜರ್ಮನಿಯ ಒಂದು ಪ್ರಾಣಿ. ಗೈಲ್‌ಡಾರ್ಫ್ ಎಂಬಲ್ಲಿನ ಸ್ಫಟಿಕದ ಗಣಿಯಿಂದ, ಎಂದರೆ ನಮ್ಮ ಮನೆಗಳಲ್ಲಿ ನೀರು ತಿಳಿಯಾಗಿಸಲು ಬಳಸುತ್ತಿದ್ದ ಆ ಪಟಿಕದ ಗಣಿಯಿಂದ, ಒಂದು ಭಾರಿ ಹಲ್ಲೂ ಒಂದು ತಲೆಬುರುಡೆಯ ಹಿಂಭಾಗವೂ ಹೊರಬಂದವು. 1828ರಲ್ಲಿ ಗೇಯಾರ್ಗ್ ಯೇಗರ್ ಎಂಬ ವಿದ್ವಾಂಸ ಅವನ್ನು ವರ್ಣಿಸುತ್ತ ಹಲ್ಲಿನ ಪ್ರಾಣಿಗೆ ಮಾಸ್ಟೊಡಾನ್‌ಸಾರಸ್ ಎಂದೂ ಬುರುಡೆಯ ಪ್ರಾಣಿಗೆ ದೈತ್ಯ ಸಲಮಾಂಡರ್ ಎಂಬರ್ಥದ ಇನ್ನೊಂದು ಹೆಸರನ್ನೂ ಇಟ್ಟ. ಹಲ್ಲು ಉರಗದ್ದು, ಬುರುಡೆ ಉಭಯಚರದ್ದು ಎಂದು ಅವನ ಎಣಿಕೆ. ಬುರುಡೆಯ ವಿಷಯದಲ್ಲಿ ಅವನ ತರ್ಕ ಚೊಕ್ಕವಾಗಿತ್ತು. ಕತ್ತಿನ ಮೂಳೆಯ ಮೇಲೆ ತಲೆ ಕೂರುವೆಡೆಯಲ್ಲಿ ಉರಗಗಳಿಗೆ ಒಂದೇ ಗುಬುಟು, ಕಪ್ಪೆಗೆ ಎರಡು. ಈ ಬುರುಡೆಗೂ ಎರಡು. ಕೆಲವು ವರ್ಷಗಳಲ್ಲೇ ಹಲ್ಲೂ ಬುರುಡೆಯೂ ಒಂದೇ ಪ್ರಾಣಿಯವೆಂದು ತಿಳಿದುಬಂತು. ಐದಾರು ಮೀಟರ್ ಉದ್ದದ, ಒಂದು ಮೀಟರಿಗೂ ಮೀರಿದ ತಲೆಯ ಆ ಜೀವಿಯ ಕೆಳದವಡೆಯಲ್ಲಿ ಎರಡು ಕೋರೆಗಳಿದ್ದವು. ಬಾಯಿ ಮುಚ್ಚಿದಾಗ ಅವು ಮೇಲ್ದವಡೆಯನ್ನು ತೂರಿ ಮೂತಿಯ ಮೇಲಿನ ರಂಧ್ರಗಳಿಂದ ಹೊರಗೆ ಇಣುಕುತ್ತಿದ್ದವು!

ಇಂಗ್ಲೆಂಡಿನ ರಿಚರ್ಡ್ ಓವೆನ್ ಇಂಥ ಹಲ್ಲೊಂದನ್ನು ಅಡ್ಡಕ್ಕೆ ಕೊಯ್ದು, ಕಾಗದದಷ್ಟು ತೆಳುವಾಗಿ ಅರೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಹಲ್ಲಿನ ಹೊರಪದರ ಮಡಿಕೆ ಮಡಿಕೆಯಾಗಿ ಒಳಕ್ಕೆ ಬಾಗಿ, ತಿರುವಿ, ಮತ್ತೆ ತಿರುವಿ, ಹೊಕ್ಕವರು ಹೊರಬರಲಾರದಂಥ ಹಾದಿಯನ್ನು ಹೆಣೆದಿತ್ತು. ಹಳೇಬೀಡಿನ ಗುಡಿಯ ಗೋಡೆಯಲ್ಲಿ ಅಭಿಮನ್ಯುವಿನ ಚಕ್ರವ್ಯೂಹವನ್ನು ಕಡೆದಿರುವುದನ್ನು ನೋಡಿದವರಿಗೆ ಆ ಹಲ್ಲಿನ ಚಿತ್ರವನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಗ್ರೀಕರ ಪುರಾಣದಲ್ಲಿಯೂ ಅಂಥದೊಂದು ವ್ಯೂಹವುಂಟು. ಅದರ ಹೆಸರಿನಿಂದಲೇ ಓವೆನ್ 1841ರಲ್ಲಿ ಈ ಪ್ರಾಣಿಗಳಿಗೆ ‘ಲ್ಯಾಬಿರಿಂತೊಡಾನ್’ ಎಂದು ನಾಮಕರಣ ಮಾಡಿದ. ನಮ್ಮಲ್ಲಾದರೆ ‘ವ್ಯೂಹದಂತಿ’ ಎನ್ನಬಹುದಿತ್ತು. ಮುಂದೆ ನಾನು ಈ ಹೆಸರನ್ನೇ ಬಳಸುತ್ತೇನೆ. ಓದುಗರ ನಾಲಗೆಗೂ ಅದು ಹಗುರ.

ಹಲ್ಲನ್ನು ಇಷ್ಟು ಚೆನ್ನಾಗಿ ಓದಿದ ಓವೆನ್ ಹೆಜ್ಜೆಯನ್ನು ಓದುವಲ್ಲಿ ಎಡವಿದ. ಆ ಕಥೆ ಬಹಳ ಸೊಗಸು. 1830ರ ದಶಕದಲ್ಲಿ ಜರ್ಮನಿಯ ಮರಳುಗಲ್ಲಿನ ಚಪ್ಪಡಿಗಳ ಮೇಲೆ ಮನುಷ್ಯನ ಅಂಗೈ ಒತ್ತಿದಂಥ ಗುರುತುಗಳು ಸಿಕ್ಕಿದ್ದವು. ನಾಲ್ಕು ಬೆರಳು ಮುಂದಕ್ಕೆ, ಹೆಬ್ಬೆರಳಿನಂಥದೊಂದು ಪಕ್ಕಕ್ಕೆ. ಕರಡಿಯೆಂದರು, ಕೋತಿಯೆಂದರು. ಕೊನೆಗೆ ‘ಕೈಯುಳ್ಳ ಪ್ರಾಣಿ’ ಎಂಬರ್ಥದ ಕೈರೊಥೀರಿಯಮ್ ಎಂಬ ಹೆಸರನ್ನಷ್ಟೆ ಕೊಟ್ಟು ಸುಮ್ಮನಾದರು. ಹೆಜ್ಜೆ ಸಿಕ್ಕಿದ ಕಲ್ಲಿನ ಕಾಲವೂ ವ್ಯೂಹದಂತಿಗಳ ಕಾಲವೂ ಒಂದೇ ಆದುದರಿಂದ ಆ ಹೆಜ್ಜೆ ಅವುಗಳದೇ ಎಂದು ಓವೆನ್ ಊಹಿಸಿದ. ಒಂದು ತೊಡಕು ಮಾತ್ರ ಉಳಿಯಿತು. ಸಾಲಾಗಿ ಬಿದ್ದ ಹೆಜ್ಜೆಗಳಲ್ಲಿ ಆ ‘ಹೆಬ್ಬೆರಳು’ ಯಾವಾಗಲೂ ಹೊರಮಗ್ಗುಲಿಗೇ ಇತ್ತು. ಬಲಗಾಲಿನ ಹೆಬ್ಬೆರಳು ಬಲಕ್ಕೆ ಬರಬೇಕಾದರೆ ಪ್ರಾಣಿ ಬಲಗಾಲನ್ನು ಎಡಕ್ಕೂ ಎಡಗಾಲನ್ನು ಬಲಕ್ಕೂ ಹಾಕಿ, ಕಾಲು ಹೆಣೆದುಕೊಂಡೇ ನಡೆದಿರಬೇಕು. ಭೂಗರ್ಭಶಾಸ್ತ್ರದ ಆಚಾರ್ಯಪುರುಷ ಚಾರ್ಲ್ಸ್ ಲಯೆಲ್ ತನ್ನ ಪಠ್ಯಪುಸ್ತಕದಲ್ಲಿ ಹಾಗೆಯೇ ಚಿತ್ರವನ್ನೂ ಅಚ್ಚುಮಾಡಿಸಿದ: ಮಹಾಕಾಯದ ಕಪ್ಪೆಯೊಂದು ಕಾಲಿಗೆ ಕಾಲು ತೊಡರಿಸಿಕೊಂಡು, ಯಾವುದೋ ಕಷ್ಟದ ನಾಟ್ಯವನ್ನು ಅಭ್ಯಾಸ ಮಾಡುತ್ತಿರುವಂತೆ ಗಂಭೀರವಾಗಿ ಸಾಗುತ್ತಿದೆ. ಅದು ಹೆಬ್ಬೆರಳೇ ಅಲ್ಲ, ಹೊರಮಗ್ಗುಲಿನ ಕಿರುಬೆರಳು. ಹೆಜ್ಜೆಯಿಟ್ಟದ್ದು ಮೊಸಳೆಗಳ ದೂರದ ಬಂಧುವಾದ ಒಂದು ಉರಗ ಎಂದು ಜರ್ಮನಿಯ ಸರ್ಗೆಲ್ 1925ರಲ್ಲಿ ತೋರಿಸುವವರೆಗೂ ಪಾಪ, ಕಪ್ಪೆಗೆ ಕಾಲು ಬಿಡಿಸಿಕೊಳ್ಳಲು ಬಿಡುವಾಗಲಿಲ್ಲ. ಸ್ವಿಟ್ಜರ್ಲೆಂಡಿನ ಪರ್ವತವೊಂದರಲ್ಲಿ ದೊರೆತು 1965ರಲ್ಲಿ ವರ್ಣಿತವಾದ ಉರಗದ ಅಸ್ಥಿಪಂಜರದ ಪಾದ ಆ ಹೆಜ್ಜೆಗಳಿಗೆ ಸರಿಯಾಗಿ ಹೊಂದಿತು. ಓವೆನ್ ಕಲ್ಪಿಸಿದ ಕಪ್ಪೆಯಾಕಾರದ ವ್ಯೂಹದಂತಿಗಳ ಪ್ರತಿಮೆಗಳು, 1854ರಲ್ಲಿ ತೆರೆದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನದ ಕೊಳದ ದಡದಲ್ಲಿ ಇಂದಿಗೂ ಕುಳಿತಿವೆ.

ಆ ಉದ್ಯಾನ ತೆರೆದ ಮರುವರ್ಷವೇ, 1855ರಲ್ಲಿ, ಓವೆನ್ ಇನ್ನೊಂದು ವ್ಯೂಹದಂತಿಯ ಬುರುಡೆಯನ್ನು ವರ್ಣಿಸಿ ಪ್ರಕಟಿಸಿದ. ಅದು ಹೋದದ್ದು ನಮ್ಮ ದೇಶದಿಂದ. ನಾಗಪುರದಲ್ಲಿ ನೆಲೆಸಿದ್ದ ಸ್ಟೀಫನ್ ಹಿಸ್ಲಪ್ ಎಂಬ ಪಾದ್ರಿ ಧರ್ಮಬೋಧನೆಯ ನಡುವೆ ಕಲ್ಲುಗಳನ್ನೂ ಓದುತ್ತಿದ್ದ. ಮಧ್ಯಭಾರತದ ಮಂಗಳಿ ಎಂಬ ಹಳ್ಳಿಯ ಬಳಿಯ ಕಲ್ಲಿನಲ್ಲಿದ್ದ ಆ ಬುರುಡೆಗೆ ಓವೆನ್ ಬ್ರಾಕಿಯಾಪ್ಸ್ ಎಂದು ಹೆಸರಿಟ್ಟ. ಹಿಸ್ಲಪ್ 1863ರಲ್ಲಿ ತುಂಬಿದ ಹಳ್ಳವನ್ನು ದಾಟುವಾಗ ಮುಳುಗಿ ತೀರಿಕೊಂಡ. ಅವನು ತೋರಿದ ದಾರಿಯಲ್ಲಿ ನಮ್ಮವರು ನಡೆಯಲು ಸುಮಾರು ನೂರು ವರ್ಷ ಬೇಕಾಯಿತು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಮಹಲನೋಬಿಸರು ಲಂಡನ್ನಿನಿಂದ ಪಮೇಲಾ ರಾಬಿನ್‌ಸನ್ ಎಂಬ ವಿದುಷಿಯನ್ನು 1957ರಲ್ಲಿ ಕರೆಸಿ ಭೂವಿಜ್ಞಾನದ ಒಂದು ಶಾಖೆಯನ್ನು ತೆರೆದರು. ಅಂಕಿಸಂಖ್ಯೆಗಳ ಮಠದಲ್ಲಿ ಎಲುಬಿನ ಪೂಜೆಯೇ ಎಂದು ಕೆಲವರಾದರೂ ಹುಬ್ಬೇರಿಸಿರಬೇಕು. ಆ ಶಾಖೆಯವರು ಈಗಿನ ತೆಲಂಗಾಣದ ಉತ್ತರ ಭಾಗದಲ್ಲಿ, ಗೋದಾವರಿ ಪ್ರಾಣಹಿತಾ ನದಿಗಳ ಕಣಿವೆಯ ಮಾಲೇರಿಯ ಕೆಂಪು ಜೇಡಿಯನ್ನು ವರ್ಷಗಟ್ಟಲೆ ಶೋಧಿಸಿದರು. 1965ರಲ್ಲಿ ರಾಯ್‌ಚೌಧುರಿಯವರು ಅಲ್ಲಿನ ಮೆಟಪೊಸಾರ್ ಜಾತಿಯ ವ್ಯೂಹದಂತಿಯನ್ನು ಲೋಕಕ್ಕೆ ಪರಿಚಯಿಸಿದರು. ಅದೇ ಜೇಡಿಯ ಮೇಲಿನ ಪದರಗಳಲ್ಲಿ ಮೆಟಪೊಸಾರುಗಳು ಕಾಣೆಯಾಗಿ, ಅವುಗಳ ಜಾಗದಲ್ಲಿ ತಲೆಯ ಹಿಂಬದಿಗೆ ಕೊಂಬಿನಂಥ ಚಾಚುಗಳಿದ್ದ ಚಿಗುಟಿಸಾರ್ ಮನೆತನದವು ಬಂದಿರುವುದನ್ನು 1995ರಲ್ಲಿ ಸೇನ್‌ಗುಪ್ತರು ವಿವರಿಸಿದರು.

ಈ ಚಿಗುಟಿಸಾರ್ ಎಂಬ ಒರಟು ಹೆಸರನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಮನೆತನದವರ ಎಲುಬುಗಳು ಸಿಕ್ಕಿರುವುದು ಭಾರತದಲ್ಲಿ, ಅರ್ಜೆಂಟೀನದಲ್ಲಿ, ಬ್ರೆಜಿಲಿನಲ್ಲಿ, ಆಸ್ಟ್ರೇಲಿಯದಲ್ಲಿ. ನಡುವೆ ಮಹಾಸಾಗರಗಳಿವೆ. ಉಪ್ಪುನೀರು ಉಭಯಚರದ ತೊಗಲಿಗೆ ಶತ್ರು. ಆದರೆ ಅಂದು ಈ ನಾಡುಗಳೆಲ್ಲ ಒಂದೇ ನೆಲವಾಗಿದ್ದವು. ನಮ್ಮ ಗೊಂಡರ ನಾಡಿನ ಕಲ್ಲುಗಳಿಂದಲೇ ಹೆಸರು ಪಡೆದ ಗೊಂಡ್ವಾನ ಎಂಬ ಆ ಮಹಾಖಂಡದ ಹೊಳೆಯಿಂದ ಹೊಳೆಗೆ ಇವು ಹಬ್ಬಿಕೊಂಡವು. ಕೂಪಮಂಡೂಕವೆಂದು ಯಾರನ್ನಾದರೂ ಬಯ್ಯುವಾಗ ನನಗೆ ಈಚೆಗೆ ಸ್ವಲ್ಪ ಸಂಕೋಚವಾಗುತ್ತದೆ.

ಇನ್ನು ವಾದದ ವಿಷಯ. ವ್ಯೂಹದಂತಿಗಳು ಅಳಿದದ್ದು ಯಾವಾಗ? ಬಹುಕಾಲದವರೆಗೆ ಪಠ್ಯಪುಸ್ತಕಗಳ ಉತ್ತರ ಖಚಿತವಾಗಿತ್ತು. ಡೈನೊಸಾರುಗಳ ಯುಗವನ್ನು ಟ್ರಯಾಸಿಕ್, ಜುರಾಸಿಕ್, ಕ್ರಿಟೇಷಿಯಸ್ ಎಂದು ಮೂರು ಪರ್ವಗಳಾಗಿ ವಿಂಗಡಿಸುತ್ತಾರಷ್ಟೆ. ಮೊದಲ ಪರ್ವ ಮುಗಿದದ್ದು ಸುಮಾರು 20 ಕೋಟಿ ವರ್ಷಗಳ ಹಿಂದೆ, ಒಂದು ಮಹಾನಾಶದೊಡನೆ. ವ್ಯೂಹದಂತಿಗಳ ಕಥೆಯೂ ಅಲ್ಲಿಗೆ ಸಮಾಪ್ತಿ. ಈ ಕಾಲಪಟ್ಟಿ ಎಷ್ಟು ಗಟ್ಟಿಯಾಗಿ ಬೇರೂರಿತ್ತೆಂದರೆ, ವ್ಯೂಹದಂತಿಯ ಎಲುಬು ಸಿಕ್ಕಿತೆಂದರೆ ಆ ಕಲ್ಲು ಟ್ರಯಾಸಿಕ್ಕಿನದೋ ಅದಕ್ಕಿಂತ ಹಳೆಯದೋ ಆಗಿರಲೇಬೇಕೆಂದು ತೀರ್ಮಾನಿಸುವುದು ರೂಢಿಯಾಗಿತ್ತು.

1941ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಸ್ತುಸಂಗ್ರಹಾಲಯದ ನಿರ್ದೇಶಕರಾಗಿದ್ದ ಹೀಬರ್ ಲಾಂಗ್‌ಮನ್ ಒಂದು ಮುರುಕು ದವಡೆಯನ್ನು ವರ್ಣಿಸಿದರು. ಅದು ವ್ಯೂಹದಂತಿಯದು, ಸಿಕ್ಕಿದ್ದ ಮರಳುಗಲ್ಲು ಮಾತ್ರ ಜುರಾಸಿಕ್ ಪರ್ವದ್ದು. ಆಸ್ಟ್ರೊಪೆಲರ್ ಎಂದು ಅವರು ಅದಕ್ಕೆ ಹೆಸರಿಟ್ಟರು. ಪಟ್ಟಿಯ ಪ್ರಕಾರ ಇದು ಆಗತಕ್ಕ ಮಾತಲ್ಲ. ಹಾಗಾದರೆ ಏನು ಹೇಳಬೇಕು? ಅಮೆರಿಕದ ಪ್ರಸಿದ್ಧ ವಿದ್ವಾಂಸ ಎಡ್ವಿನ್ ಕೋಲ್ಬರ್ಟ್ 1967ರಲ್ಲಿ ಹೊಸ ಅರ್ಥವನ್ನು ಸೂಚಿಸಿದರು: ಹಳೆಯ ಟ್ರಯಾಸಿಕ್ ಕಲ್ಲೊಂದು ಸವೆದು, ಅದರೊಳಗಿದ್ದ ದವಡೆ ಬಿಡಿಸಿಕೊಂಡು, ಹೊಳೆಯಲ್ಲಿ ಉರುಳಿ ಬಂದು ಜುರಾಸಿಕ್ಕಿನ ಮರಳಿನಲ್ಲಿ ಎರಡನೆಯ ಬಾರಿ ಹೂತುಹೋಗಿರಬಹುದು.

ಇದನ್ನು ಓದಿದಾಗ ನನಗೆ ನಮ್ಮ ಗ್ರಂಥಸಂಪಾದನೆಯ ಪಾಠ ನೆನಪಾಯಿತು. ಹಳೆಯ ಕಾವ್ಯದ ತಾಳೆಗರಿಯಲ್ಲಿ ಕವಿಯ ಕಾಲಕ್ಕೆ ಒಗ್ಗದ ಪದ್ಯವೊಂದು ಕಂಡರೆ ನಾವು ಕೂಡಲೆ ‘ಪ್ರಕ್ಷಿಪ್ತ’ ಎಂದು ಅಂಚಿನಲ್ಲಿ ಬರೆಯುತ್ತೇವೆ. ಅನೇಕ ವೇಳೆ ಅದು ನಿಜವೇ. ಯಾರೋ ಲಿಪಿಕಾರ ಎಲ್ಲಿಂದಲೋ ತಂದು ತುರುಕಿರುತ್ತಾನೆ. ಆದರೆ ಕೆಲವೊಮ್ಮೆ ಪದ್ಯ ಸಾಚಾ, ಕವಿಯ ಕಾಲವನ್ನು ನಾವು ಕಟ್ಟಿದ್ದೇ ತಪ್ಪು. ಒಂದೇ ಪ್ರತಿ ಇರುವಾಗ ಇವೆರಡರಲ್ಲಿ ಯಾವುದೆಂದು ಹೇಳುವುದು ಬಲು ಕಷ್ಟ. ಕೋಲ್ಬರ್ಟರ ಶಂಕೆಯನ್ನು ಮೂರ್ಖತನವೆಂದು ತಳ್ಳುವಂತಿಲ್ಲ. ಹೊಳೆಗಳು ಎಲುಬನ್ನು ಹಾಗೆ ಉರುಳಿಸಿಕೊಂಡು ಬರುವುದು ನಿಜ. ಬೇಕಾಗಿದ್ದದ್ದು ಎರಡನೆಯ ಪ್ರತಿ. ಲಾಂಗ್‌ಮನ್ 1954ರಲ್ಲಿಯೇ ತೀರಿಕೊಂಡಿದ್ದರು. ಅವರ ಪರವಾಗಿ ಮಾತಾಡಲು ಆ ಮುರುಕು ದವಡೆಯೊಂದೇ ಉಳಿದಿತ್ತು.

ಎರಡನೆಯ ಪ್ರತಿ ಕ್ವೀನ್ಸ್‌ಲೆಂಡಿನಲ್ಲಿಯೇ ಸಿಕ್ಕಿತು, ಮತ್ತು ಎಂಥ ಪ್ರತಿ! ದನಗಳನ್ನು ಮೇಯಿಸುವ ಒಳನಾಡಿನ ಹುಲ್ಲುಗಾವಲ ಸೀಮೆಯಲ್ಲಿ, ಜುರಾಸಿಕ್ಕಿನ ಆದಿಭಾಗದ ಕಲ್ಲಿನಲ್ಲಿ, ಸುಮಾರು ಎರಡೂವರೆ ಮೀಟರ್ ಉದ್ದದ, ಬಹುಮಟ್ಟಿಗೆ ಇಡಿಯಾದ ಅಸ್ಥಿಪಂಜರ. ತಲೆಯಿಂದ ಕಾಲಿನವರೆಗೆ ಎಲುಬುಗಳೆಲ್ಲ ಜೊತೆಯಲ್ಲಿರುವ ಪ್ರಾಣಿ ಹಳೆಯ ಕಲ್ಲಿನಿಂದ ಸವೆದು ಉರುಳಿ ಬರಲಾರದು. 1983ರಲ್ಲಿ ಆನ್ ವಾರೆನ್ ಮತ್ತು ಹಚಿನ್‌ಸನ್ ಇದಕ್ಕೆ ಸೈಡರಾಪ್ಸ್ ಎಂದು ಹೆಸರಿಟ್ಟು, ‘ಕೊನೆಯ ವ್ಯೂಹದಂತಿಯೆ?’ ಎಂಬರ್ಥದ ಶೀರ್ಷಿಕೆ ಕೊಟ್ಟು ಲೇಖನ ಬರೆದರು. ಮನೆತನ: ಚಿಗುಟಿಸಾರ್. 1985ರಲ್ಲಿ ಚೀನದ ಸಿಚುವಾನ್ ಪ್ರಾಂತದಿಂದಲೂ ಜುರಾಸಿಕ್ ಪರ್ವದ ವ್ಯೂಹದಂತಿಯೊಂದರ ಸುದ್ದಿ ಬಂತು. ಕಾಲಪಟ್ಟಿ ಅಲುಗಾಡತೊಡಗಿತು.

ಆದರೂ ಇಷ್ಟರಿಂದ ಪಟ್ಟಿ ಸ್ವಲ್ಪ ಹಿಗ್ಗಿತೇ ಹೊರತು ಹರಿಯಲಿಲ್ಲ. ಅದನ್ನು ಹರಿಯಬಲ್ಲ ಎಲುಬು 1978ರಲ್ಲಿಯೇ ಸಿಕ್ಕಿತ್ತು. ಮೆಲ್ಬರ್ನ್ ನಗರದ ಆಗ್ನೇಯಕ್ಕೆ ಸ್ಯಾನ್ ರೀಮೊ ಎಂಬ ಊರಿದೆ. ಅಲ್ಲಿನ ಕಡಲ ಬಂಡೆಗಳು ಸುಮಾರು 12 ಕೋಟಿ ವರ್ಷ ಹಿಂದಿನವು, ಎಂದರೆ ಮೂರನೆಯ ಪರ್ವವಾದ ಕ್ರಿಟೇಷಿಯಸ್ಸಿನವು. ಅಲ್ಲಿ ಸಿಕ್ಕಿದ ದವಡೆಯ ತುಂಡು ಇಂಥದ್ದರದೆಂದು ಸ್ಪಷ್ಟವಾಗಿ ಹೇಳಲು ವರ್ಷಗಳೇ ಹಿಡಿದವು. ವ್ಯೂಹದಂತಿಯ ಲಕ್ಷಣ ಕಾಣುತ್ತದೆ. ಆದರೆ ಪಟ್ಟಿಯ ಪ್ರಕಾರ ಅವು ಅಳಿದು ಅಷ್ಟು ಹೊತ್ತಿಗೆ 8 ಕೋಟಿ ವರ್ಷ! ನಾವು ಡೈನೊಸಾರುಗಳಿಂದ ದೂರವಿರುವುದೇ 6 ಕೋಟಿ 60 ಲಕ್ಷ ವರ್ಷ ಎಂಬುದನ್ನು ನೆನೆದರೆ ಈ ಅಂತರ ಎಂಥದೆಂದು ತಿಳಿದೀತು. 1989ರಲ್ಲಿ ಹತ್ತಿರದ ಇನ್ನೊಂದು ತೀರದಲ್ಲಿ ಮತ್ತೆ ಎಲುಬುಗಳು ದೊರೆತವು. ಬರಬರುತ್ತ ದವಡೆಗಳ ಜೊತೆಗೆ ಪಕ್ಕೆಲುಬು, ಬೆನ್ನುಮೂಳೆಯ ಮಣಿ, ಹೆಗಲಿನೆಲುಬುಗಳೂ ಸೇರಿಕೊಂಡವು. ಒಂದು ಪದ್ಯ ಪ್ರಕ್ಷಿಪ್ತವಾಗಬಹುದು. ಸರ್ಗಕ್ಕೆ ಸರ್ಗವೇ ಆಗುವುದಿಲ್ಲ. 1991ರಲ್ಲಿ ಇದು ಕ್ರಿಟೇಷಿಯಸ್ಸಿನ ವ್ಯೂಹದಂತಿಯೇ ಎಂಬ ಘೋಷಣೆ ಅಚ್ಚಾಯಿತು. 1997ರಲ್ಲಿ ವಾರೆನ್, ಥಾಮಸ್ ರಿಚ್ ಮತ್ತು ಪೆಟ್ರೀಷಿಯಾ ವಿಕರ್ಸ್ ರಿಚ್ ಅವರು ಅದಕ್ಕೆ ಹೆಸರನ್ನಿಟ್ಟರು. ಹಿಂದಿನ ಶೀರ್ಷಿಕೆಯನ್ನು ಮರೆಯದೆ ಈ ಬಾರಿಯ ಲೇಖನಕ್ಕೆ ‘ಕೊನೆಯ ವ್ಯೂಹದಂತಿಗಳಲ್ಲೂ ಕೊನೆಯವೆ?’ ಎಂದು ತಲೆಬರಹ ಕೊಟ್ಟರು. ಪಂಡಿತರಿಗೆ ನಗುವುದು ಗೊತ್ತಿಲ್ಲವೆಂದು ಯಾರೂ ತಿಳಿಯಬಾರದು.

ಹೆಸರಿನಲ್ಲಿಯೂ ಅದೇ ನಗು. ಕೂಲಸೂಕಸ್ ಕ್ಲೀಲ್ಯಾಂಡಿ ಎಂಬುದು ಆ ನಾಮಧೇಯ. ಕಲ್ಲಿನಿಂದ ಎಲುಬನ್ನು ಚೂರೂ ಮುಕ್ಕಾಗದಂತೆ ಬಿಡಿಸುವ ಕಲೆಯಲ್ಲಿ ಹೆಸರಾದ ಲೆಸ್ಲಿ ಕೂಲ್ ಎಂಬಾಕೆಯನ್ನೂ ಆ ತೀರಗಳಲ್ಲಿ ಪಳೆಯುಳಿಕೆಗಳನ್ನು ಅರಸುತ್ತ ನಡೆದ ಮೈಕ್ ಕ್ಲೀಲ್ಯಾಂಡರನ್ನೂ ಅದು ಗೌರವಿಸುತ್ತದೆ. ಜೊತೆಗೆ ‘ಕೂಲ್’ ಎಂದರೆ ಇಂಗ್ಲಿಷಿನಲ್ಲಿ ತಂಪು. ಈ ಪ್ರಾಣಿ ಹೇಗೆ ಬದುಕುಳಿಯಿತೆಂಬ ಗುಟ್ಟು ಆ ಶ್ಲೇಷೆಯಲ್ಲಿಯೇ ಇದೆ.

12 ಕೋಟಿ ವರ್ಷಗಳ ಹಿಂದೆ ಆಸ್ಟ್ರೇಲಿಯದ ಆ ಅಂಚು ಈಗಿರುವಲ್ಲಿ ಇರಲಿಲ್ಲ. ಅಂಟಾರ್ಕ್‌ಟಿಕದ ಮಗ್ಗುಲಿಗೆ ಅಂಟಿಕೊಂಡು ದಕ್ಷಿಣ ಧ್ರುವವೃತ್ತದ ಒಳಗಿತ್ತು. ಎರಡು ಖಂಡಗಳು ಬಿರುಕುಬಿಡುತ್ತಿದ್ದೆಡೆಯಲ್ಲಿ ಒಂದು ವಿಶಾಲವಾದ ಕಣಿವೆ, ಅದರ ತಳದಲ್ಲಿ ರಭಸದ ಹೊಳೆಗಳು. ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯದರ್ಶನವಿಲ್ಲ. ನೆಲ ಹೆಪ್ಪುಗಟ್ಟಿ ಕರಗಿದ ಗುರುತುಗಳು ಕೂಡ ಆ ಕಲ್ಲುಗಳಲ್ಲಿ ಸಿಕ್ಕಿವೆ. ಅಂಥ ನಾಡಿನಲ್ಲಿ ಪುಟ್ಟ ಡೈನೊಸಾರುಗಳು ಓಡಾಡುತ್ತಿದ್ದವು. ಹೊಳೆಯಲ್ಲಿ ಮೂರು ಮೀಟರ್ ಉದ್ದದ, ಇನ್ನೂ ಹೆಚ್ಚೇ ಇದ್ದಿರಬಹುದಾದ, ಕೂಲಸೂಕಸ್ ಹೊಂಚುಹಾಕಿ ಮಲಗಿರುತ್ತಿತ್ತು. ಬೆಚ್ಚನೆಯ ನಾಡುಗಳಲ್ಲಿ ಹೊಳೆಯ ಅಧಿಕಾರವೆಲ್ಲ ಅಷ್ಟರಲ್ಲಿ ಮೊಸಳೆಗಳ ಪಾಲಾಗಿತ್ತು. ಮೊಸಳೆಗೆ ಬಿಸಿಲು ಬೇಕು. ಮೈ ಕಾಯಿಸಲು ಬೇಕು, ಮೊಟ್ಟೆ ಬಲಿಯಲು ಬೇಕು. ಉಭಯಚರಕ್ಕೆ ಆ ಹಟವಿಲ್ಲ. ಜಪಾನಿನ ದೈತ್ಯ ಸಲಮಾಂಡರ್ ಇಂದಿಗೂ ಬೆಟ್ಟದ ತಣ್ಣನೆಯ ತೊರೆಗಳಲ್ಲಿಯೇ ವಾಸಿಸುತ್ತದೆ. ತಣ್ಣೀರಿನಲ್ಲಿ ಪ್ರಾಣವಾಯು ಹೆಚ್ಚು ಕರಗಿರುವುದರಿಂದ ತೊಗಲಿನ ಮೂಲಕ ಉಸಿರಾಡುವ ಪ್ರಾಣಿಗೆ ಅದು ಅನುಕೂಲವೇ. ಹೀಗೆ ಚಳಿಯೇ ಕೋಟೆಯಾಯಿತು. ಲೋಕದ ಉಳಿದೆಡೆಗಳಲ್ಲಿ ರಾಜ್ಯ ಕಳೆದುಕೊಂಡ ಕುಲವೊಂದು ಶತ್ರು ಬರಲಾರದ ಈ ಮೂಲೆಯಲ್ಲಿ ತನ್ನ ಹಳೆಯ ಠೀವಿಯಿಂದಲೇ ಬಾಳುತ್ತಿತ್ತು.

ಕೋಟೆ ಮುರಿದದ್ದು ಹವೆ ಬದಲಾದಾಗ. ಅದೇ ವಿಕ್ಟೋರಿಯ ರಾಜ್ಯದ ಪಶ್ಚಿಮ ತೀರದಲ್ಲಿ ಡೈನೊಸಾರ್ ಕೋವ್ ಎಂಬ ಕಡಲ ಕೊರಕಲಿದೆ. ಅಲ್ಲಿನ ಕಲ್ಲುಗಳು ಕೂಲಸೂಕಸ್ಸಿನ ಕಲ್ಲಿಗಿಂತ ಒಂದು ಕೋಟಿ ವರ್ಷಕ್ಕೂ ಹೆಚ್ಚು ಈಚಿನವು. ಅಷ್ಟರಲ್ಲಿ ಆ ನಾಡು ಬೆಚ್ಚಗಾಗಿತ್ತು. ಅಲ್ಲಿ ಮೊಸಳೆಯ ಎಲುಬುಗಳು ಸಿಕ್ಕಿವೆ, ಕೂಲಸೂಕಸ್ ಸಿಕ್ಕಿಲ್ಲ. ಮೊಸಳೆಯೇ ಅದನ್ನು ಹೊರದೂಡಿತೋ, ಬೆಚ್ಚಗಾದ ನೀರೇ ಅದಕ್ಕೆ ಒಗ್ಗದೆ ಹೋಯಿತೋ, ಎಲುಬುಗಳು ಬಾಯಿ ಬಿಟ್ಟಿಲ್ಲ. ಮೊಸಳೆಯ ಮೇಲೆ ಗುಮಾನಿ ಹೆಚ್ಚು.

2022ರ ಜನವರಿಯಲ್ಲಿ ವಿಕ್ಟೋರಿಯ ರಾಜ್ಯ ಕೂಲಸೂಕಸ್ಸನ್ನು ತನ್ನ ಅಧಿಕೃತ ಪಳೆಯುಳಿಕೆ ಲಾಂಛನವಾಗಿ ಸ್ವೀಕರಿಸಿತು. ಲಾಂಗ್‌ಮನ್ನರ ಆಸ್ಟ್ರೊಪೆಲರಿಗೆ ಅಂಥ ಭಾಗ್ಯವೇನೂ ಒದಗಿಲ್ಲ. ಮುರುಕು ದವಡೆ ಅದು. ಯಾವ ಮನೆತನದ್ದೆಂದು ಖಚಿತವಾಗಿ ಹೇಳುವಷ್ಟು ಎಲುಬು ಅದರಲ್ಲಿಲ್ಲ. ಆದರೆ ತಾನು ಬಿದ್ದಿದ್ದ ಜುರಾಸಿಕ್ ಮರಳಿಗೆ ಅದು ಪರಕೀಯವೆಂದು ಶಂಕಿಸಲು ಹಿಂದಿದ್ದ ಕಾರಣ ಈಗ ಉಳಿದಿಲ್ಲ.